ಬೆಚ್ಚನೆಯ ಮೂಲೆ ಒಂದೇ

ಈಸಾ ಟೌನಿನ ಸಂತೆಯಲ್ಲಿ, ಪಾರಿವಾಳದ ಗೂಡುಗಳ ಹಿಂದೆ,
ಅಬು ರಾಶಿದನ ಅಂಗಡಿಯ ಒಳಕೋಣೆ:
ಹನ್ನೊಂದು ಗಾಜಿನ ಪೆಟ್ಟಿಗೆ, ಹನ್ನೊಂದು ಹಾವು.
ಅತ್ತೆಗೆ ಫೋನಿನಲ್ಲಿ ಹಕ್ಕಿ ಅಂಗಡಿ ಅಂದಿದ್ದೇನೆ.
ಪೂರ್ತಿ ಸುಳ್ಳೇನಲ್ಲ. ಹೊರಸಾಲಿನಲ್ಲಿ ಹಕ್ಕಿಗಳೂ ಇವೆ.

ಫವಾಜ್ ಬಂದ. ಹದಿನಾಲ್ಕರ ಹುಡುಗ,
ಮೀಸೆಯೆಂದು ಇನ್ನೂ ಯಾರೂ ಒಪ್ಪದ ಮೀಸೆ.
ಹೋದ ತಿಂಗಳು ಕಿತ್ತಳೆ ಬಣ್ಣದ ಕಾರ್ನ್ ಸ್ನೇಕ್ ಒಯ್ದಿದ್ದ,
ಈಗ ಅದೇ ಪೆಟ್ಟಿಗೆಗೆ ಇನ್ನೊಂದು ಬೇಕಂತೆ.
ಪಾಪ, ಒಂಟಿ, ಅಂದ
ಅರ್ಧ ಹಿಂದಿ ಅರ್ಧ ಕೈಭಾಷೆಯಲ್ಲಿ.

ಬೇಡ ಮಗಾ, ಅಂದೆ.
ಒಂಟಿತನ ಬಿಸಿರಕ್ತದವರ ಕಾಯಿಲೆ.

ಮೊಬೈಲು ಹಿಡಿದ. ಯಾರದೋ ಮನೆಯಲ್ಲಿ
ಒಂದರ ಮೇಲೊಂದು ಸುರುಳಿಯಾಗಿ ಮಲಗಿದ ಎರಡು.
ನೋಡು, ಅಪ್ಪಿಕೊಂಡಿವೆ!

ಪೆಟ್ಟಿಗೆಗೆ ಬೆಚ್ಚನೆಯ ಮೂಲೆ ಒಂದೇ, ಫವಾಜ್.
ಅಡಿಯಲ್ಲಿ ಹೀಟರಿನ ಪಟ್ಟಿ, ಅಂಗೈ ಅಗಲ.
ಇದು ಜಾಗ ಬಿಡುತ್ತಿಲ್ಲ, ಅದೂ ಬಿಡುತ್ತಿಲ್ಲ.
ಜಗಳಕ್ಕೆ ದನಿಯಿಲ್ಲದ ಪ್ರಾಣಿ
ಭಾರ ಹಾಕುತ್ತದೆ.

ಇಷ್ಟು ಹೇಳಲು ನನ್ನ ಹಿಂದಿ ಸಾಲದು.
ಹೇಳಿದ್ದು: ಒಂದು ಕಕ್ಕಿದರೆ ಯಾವುದು ಕಕ್ಕಿದ್ದೆಂದು ತಿಳಿಯದು.
ಒಂದು ಉಣ್ಣದೆ ಸೊರಗಿದರೆ ತಿಳಿಯುವಾಗ ಹೊತ್ತಾಗಿರುತ್ತದೆ.
ಕೆಲವು ಜಾತಿಯವು ಜೊತೆಯದನ್ನೇ ನುಂಗುತ್ತವೆ,
ಬೆಳಿಗ್ಗೆ ನೋಡಿದರೆ ಒಂದೇ, ಸ್ವಲ್ಪ ದಪ್ಪ.
ಹುಡುಗ ನಕ್ಕ. ನಗಲೆಂದೇ ಹೇಳಿದ್ದು.

ಹೇಳದೆ ಬಿಟ್ಟದ್ದು:
ಕಿನ್ನಿಗೋಳಿಯ ಹತ್ತಿರ, ಗಂಡನ ಮನೆಯ ಬನದಲ್ಲಿ
ಒಂದು ಕಲ್ಲು, ಅದರಲ್ಲಿ ಎರಡು ಹೆಣೆದುಕೊಂಡಿವೆ
ಹೆಡೆಗೆ ಹೆಡೆ ಎದುರಾಗಿ.
ಮದುವೆಯ ಮರುದಿನ ನಾನೂ ಜಯಕರನೂ ಕೈಮುಗಿದು ನಿಂತಾಗ
ಹೀಗೆ ಇರಿ ಅಂದಿದ್ದರು ಅತ್ತೆ.
ಕಲ್ಲಿನವಕ್ಕೆ ಹೀಟರು ಬೇಡ,
ಅರಸಿನ ಎರಡಕ್ಕೂ ಸಮ ಹಚ್ಚುತ್ತಾರೆ.

ಇಲ್ಲಿ ಎರಡು ವರ್ಷ ನಮಗೆ ಬೇರೆ ಬೇರೆ ಪೆಟ್ಟಿಗೆ.
ಅವನು ಸಿತ್ರಾದ ಕಂಪೆನಿ ಕ್ಯಾಂಪಿನಲ್ಲಿ, ಕೋಣೆಗೆ ಎಂಟು ಜನ;
ನಾನು ಗುದೈಬಿಯಾದಲ್ಲಿ, ನಾಲ್ಕು ಹೆಂಗಸರ ನಡುವೆ ಮೇಲಿನ ಮಂಚ,
ಸಿಂಕಿನಲ್ಲಿ ಸಿಕ್ಕ ಕೂದಲು ಯಾರದೂ ಅಲ್ಲ.
ಶುಕ್ರವಾರ ಸಂಜೆ ಕಡಲಬದಿಯ ಬೆಂಚು,
ಎರಡು ಕರಕ್ ಚಹಾ, ಇನ್ನೂರು ಫಿಲ್ಸ್.
ಕೈ ಹಿಡಿದರೆ ಬೆವರು.
ಬಿಟ್ಟರೆ ಬಸ್ಸಿನ ಹೊತ್ತಾಯಿತು.

ಏಪ್ರಿಲಿನಲ್ಲಿ ಸಿಕ್ಕಿತು ಒಂದು ಕೋಣೆ.
ಕೋಣೆ ಅಂದರೆ, ಹಾಲಿನ ನಡುವೆ ಹೊಡೆದ ಪ್ಲೈವುಡ್ಡು,
ಆಚೆಗೆ ಒಂದು ಸಿಂಹಳದ ಸಂಸಾರ, ಅವರ ಮಗುವಿನ ಕೆಮ್ಮು.
ಎಸಿ ಎರಡೂ ಮನೆಗೆ ಒಂದೇ.
ಹಲಗೆಯ ಮೇಲಂಚಿನಿಂದ ಗಾಳಿ ಇಳಿಯುವುದು
ನಮ್ಮ ಹಾಸಿಗೆಯ ಎಡಬದಿಗೆ, ಅಲ್ಲಿಗಷ್ಟೇ.

ಮೊದಲ ವಾರ: ನೀನೇ ಮಲಗು ಅಲ್ಲಿ.
ಇಲ್ಲ, ನಿನಗೆ ಡ್ಯೂಟಿ ಇದೆ, ನೀನೇ.
ಅತ್ತೆ ಕಲ್ಲು ನೋಡಿ ಹೇಳಿದ್ದು ನಿಜವಾಯಿತೆಂದುಕೊಂಡೆ.

ಜುಲೈ ಬಂತು.
ನಡುರಾತ್ರಿ ಎಚ್ಚರವಾದರೆ ಅವನ ಮೊಣಕೈ ನನ್ನ ಪಕ್ಕೆಗೆ ಊರಿದೆ,
ನನ್ನ ಕಾಲು ಅವನ ತೊಡೆಯ ಮೇಲೆ
ಪೂರಾ ಭಾರ ಬಿಟ್ಟಿದೆ.
ಅವನೂ ನಿದ್ದೆಯಲ್ಲಿಲ್ಲವೆಂದು ನನಗೆ ಗೊತ್ತು.
ಯಾರಾದರೂ ಆಗ ಫೋಟೋ ತೆಗೆದಿದ್ದರೆ
ಫವಾಜನಂಥವರಿಗೆ ತೋರಿಸಬಹುದಿತ್ತು.

ಹುಡುಗ ಕೊನೆಗೆ ಇನ್ನೊಂದು ಹಾವೂ ಕೊಂಡ, ಇನ್ನೊಂದು ಪೆಟ್ಟಿಗೆಯೂ.
ದುಡ್ಡಿನ ಮನೆಯವನು.
ಪಕ್ಕಪಕ್ಕ ಇಟ್ಟರೆ ಒಂದನ್ನೊಂದು ನೋಡುತ್ತವಾ? ಕೇಳಿದ.
ಕಣ್ಣು ಅಷ್ಟಕ್ಕಷ್ಟೇ ಅವಕ್ಕೆ, ಅಂದೆ. ಆದರೂ ಇಡು.

ಅಂಗಡಿ ಮುಚ್ಚಿ ಬರುವಾಗ ನಾನೂ ಒಂದು ಕೊಂಡೆ,
ಮೇಜಿನ ಫ್ಯಾನು, ಏಳು ದಿನಾರು,
ಬಲಬದಿಗೆಂದು.
ಜಯಕರ ರಟ್ಟು ಬಿಚ್ಚಿದ, ರೆಕ್ಕೆ ಸಿಕ್ಕಿಸಿದ,
ವಯರು ಹಿಡಿದು ಗೋಡೆ ತಡವಿದ, ಮಂಚದಡಿ ಬಗ್ಗಿದ,
ನನ್ನ ಮುಖ ನೋಡಿದ.

ಸಾಕೆಟ್ಟೂ ಎಡಬದಿಗೇ ಇತ್ತು.